ಹಳೆಯದನ್ನು ಕಳಚಿದ ಮೇಲೆ

ಯೇಸುವನ್ನು ನಂಬಿ ರಕ್ಷಣೆ ಹೊಂದಿದ ಮೊದಲ ವರ್ಷವೆಲ್ಲ ನನಗೆ ಬಿಡುವುದರಲ್ಲೇ ಕಳೆಯಿತು. ಕುಡಿತ ಬಿಟ್ಟೆ, ಹಳೆಯ ಕೂಟಗಳನ್ನು ಬಿಟ್ಟೆ. ಚರ್ಚಿನ ಸಭೆಯಲ್ಲಿ ನನ್ನ ಬದಲಾವಣೆಯ ಸಾಕ್ಷಿ ಹೇಳಲು ಎದ್ದು ನಿಂತಾಗಲೂ ಬಿಟ್ಟದ್ದನ್ನೇ ಹೇಳುತ್ತಿದ್ದೆ. ಮನೆಯಲ್ಲಿ ಮಾತ್ರ ಹೆಂಡತಿ ಮಕ್ಕಳು ನನ್ನ ಹೆಜ್ಜೆಯ ಸಪ್ಪಳ ಕೇಳಿದರೆ ಈಗಲೂ ಮಾತು ನಿಲ್ಲಿಸುತ್ತಿದ್ದರು. ಅದು ನನ್ನ ಎದೆಗೆ ಚುಚ್ಚುತ್ತಿತ್ತು.

ಹೀಗಿರುವಾಗ ಬೈಬಲಿನ ಮತ್ತಾಯನ ಸುವಾರ್ತೆಯ 12ನೆಯ ಅಧ್ಯಾಯ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿ ಯೇಸು ಹೇಳುವ ಹೋಲಿಕೆಯಲ್ಲಿ, ದೆವ್ವ ಬಿಟ್ಟುಹೋದ ಮನೆ ಗುಡಿಸಿ ಅಲಂಕರಿಸಿದ್ದರೂ ಬರಿದಾಗಿತ್ತು. ಬಿಟ್ಟುಹೋದದ್ದು ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಮರಳಿ ಬಂತು. ನನ್ನ ಮನೆಯೂ ಗುಡಿಸಿದ್ದು ಹೌದು, ಒಳಗೆ ಯಾರೂ ಇರಲಿಲ್ಲ.

ಆಮೇಲೆ ಬೈಬಲಿನಲ್ಲೇ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯವನ್ನು ಬೇರೆ ಕಣ್ಣಿನಿಂದ ಓದಿದೆ. ಪೌಲನು ಅಲ್ಲಿ ಪೂರ್ವಸ್ವಭಾವವನ್ನು ತೆಗೆದುಹಾಕಿ ಎಂದು ಹೇಳಿ ಸುಮ್ಮನಾಗುವುದಿಲ್ಲ, ನೂತನ ಸ್ವಭಾವವನ್ನು ಧರಿಸಿಕೊಳ್ಳಿ ಎನ್ನುತ್ತಾನೆ. ಸುಳ್ಳು ಬಿಟ್ಟವನು ಸತ್ಯ ಆಡಬೇಕು. ಕಳುವು ಬಿಟ್ಟವನು ಕೈಯಾರೆ ದುಡಿದು ಇಲ್ಲದವನಿಗೆ ಕೊಡಬೇಕು. ಕೆಟ್ಟ ಮಾತು ಬಿಟ್ಟ ಬಾಯಿಂದ ಕೇಳುವವರಿಗೆ ಹಿತವಾಗುವ ಮಾತು ಬರಬೇಕು. ಅಂದಿನಿಂದ ಒಂದು ನೋಟ್‌ಪುಸ್ತಕದಲ್ಲಿ ಬಿಡಬೇಕಾದ ಒಂದನ್ನು ಬರೆದರೆ ಅದರ ಪಕ್ಕದಲ್ಲೇ ತೊಡಬೇಕಾದ ಒಂದನ್ನೂ ಬರೆಯತೊಡಗಿದೆ. ‘ಮಗನನ್ನು ಗದರುವುದಿಲ್ಲ’ ಎಂಬುದರ ಪಕ್ಕದಲ್ಲಿ ‘ಅವನ ಜೊತೆ ಅರ್ಧ ಗಂಟೆ ಕೂರುತ್ತೇನೆ’ ಎಂದು ಬರೆದೆ. ಗದರಿದ ದಿನ, ಕತ್ತಲಾಗುವ ಮುಂಚೆ ಅವನ ಬಳಿ ಹೋಗಿ ಕ್ಷಮೆ ಕೇಳಿದೆ. ಬಿದ್ದಾಗಲೆಲ್ಲ, ಪಾಪವನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9 ನನ್ನನ್ನು ಎತ್ತಿತು.

ಕಠಿಣವಾದದ್ದು ತಮ್ಮನ ವಿಷಯ. ಅಪ್ಪ ತೀರಿಕೊಂಡ ಮೇಲೆ ಅವರ ಸಾಮಾನುಗಳನ್ನು ಮಾರಿದವನು ನಾನು. ಬಂದ ಹಣವನ್ನು ಕಡಿಮೆ ಮಾಡಿ ಹೇಳಿ ಅವನ ಪಾಲನ್ನು ನುಂಗಿದ್ದೆ. ಪಾಪವೆಲ್ಲ ಕ್ಷಮಿಸಲ್ಪಟ್ಟಿದೆ, ಇನ್ನೇಕೆ ಕೆದಕುವುದು ಎಂದು ಬಹಳ ದಿನ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಆದರೆ ಸುಂಕ ವಸೂಲಿಗಾರನಾಗಿದ್ದ ಜಕ್ಕಾಯನು ಯೇಸುವನ್ನು ಮನೆಗೆ ಸೇರಿಸಿಕೊಂಡ ದಿನವೇ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದನಲ್ಲ! ಕೊಟ್ಟದ್ದರಿಂದ ಅವನಿಗೆ ರಕ್ಷಣೆ ಸಿಕ್ಕಿತೆಂದು ನಾನು ನಂಬುವುದಿಲ್ಲ. ಎಫೆಸ 2ರಲ್ಲಿ ಕೃಪೆಯಿಂದಲೇ ರಕ್ಷಣೆ ಎಂದ ಬೆನ್ನಿಗೇ, ಸತ್ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಸಲ್ಪಟ್ಟೆವು ಎಂದೂ ಇದೆ. ಈ ಎರಡು ಮಾತುಗಳನ್ನು ಬೇರ್ಪಡಿಸಿ ಬೋಧಿಸುವುದು ನನಗೆ ಸರಿ ಕಾಣುವುದಿಲ್ಲ.

ಬೈಬಲಿನ ಅರಣ್ಯಕಾಂಡ 5:7ರಲ್ಲಿ ಮೂಲಕ್ಕೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕೆಂದಿದೆ. ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಕೊಟ್ಟ ಆ ಧರ್ಮಶಾಸ್ತ್ರದ ಅಧೀನದಲ್ಲಿ ನಾನಿಲ್ಲ, ಆದರೂ ಅದಕ್ಕಿಂತ ಕಡಿಮೆ ಕೊಡಲು ಮನಸ್ಸು ಒಪ್ಪಲಿಲ್ಲ. ಎಂಟು ತಿಂಗಳು ಹಣ ಕೂಡಿಸಿದೆ.

ಲಕೋಟೆಯನ್ನು ತಮ್ಮನ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವನು ಎಣಿಸಲಿಲ್ಲ. ಲಕೋಟೆಯ ಅಂಚನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಕುಳಿತ.

“ನಿನ್ನ ದೇವರ ಮುಂದೆ ನಿನ್ನ ಲೆಕ್ಕ ತೀರಿತು, ಅಣ್ಣ. ನನ್ನದು ತೀರಿಲ್ಲ” ಎಂದ.

ಅವನು ಹೇಳಿದ್ದು ನ್ಯಾಯವಾಗಿತ್ತು. ಹಣ ಕೊಟ್ಟಾಗ ನಾನು ಮೋಸವನ್ನು ಕಳಚಿದ್ದೆ ಅಷ್ಟೇ, ಅಣ್ಣತನವನ್ನು ಇನ್ನೂ ತೊಟ್ಟಿರಲಿಲ್ಲ. ಆ ರಾತ್ರಿ ನೋಟ್‌ಪುಸ್ತಕದಲ್ಲಿ ‘ಪ್ರತಿ ಶನಿವಾರ ತಮ್ಮನಿಗೆ ಫೋನ್’ ಎಂದು ಬರೆದೆ. ಮೊದಮೊದಲು ಅವನು ಎತ್ತುತ್ತಿರಲಿಲ್ಲ. ಎತ್ತಿದ ಮೇಲೂ ‘ಹೂಂ’, ‘ಸರಿ’ ಅಷ್ಟೇ. ನಾನು ಉಪದೇಶ ಮಾಡಲಿಲ್ಲ, ವಾಕ್ಯ ಹೇಳಲಿಲ್ಲ. ಅವನ ಮಂಡಿನೋವು, ಮಗಳ ಪರೀಕ್ಷೆ ವಿಚಾರಿಸುತ್ತಿದ್ದೆ. ಫೋನ್ ಇಟ್ಟ ಮೇಲೆ ಅದೇ ಮಂಡಿಗಾಗಿ, ಅದೇ ಮಗುವಿಗಾಗಿ ಪ್ರಾರ್ಥಿಸುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಮೊನ್ನೆ ಶನಿವಾರ ಜ್ವರದಿಂದ ಮಲಗಿದ್ದ ನನಗೆ ಫೋನ್ ಮಾಡಲಾಗಲಿಲ್ಲ. ರಾತ್ರಿ ಒಂಬತ್ತು ದಾಟಿತ್ತು. ಮೊಬೈಲ್ ಸದ್ದು ಮಾಡಿತು.

“ಅಣ್ಣ, ಇವತ್ತು ಯಾಕೆ ಫೋನ್ ಮಾಡಲಿಲ್ಲ?” ಎಂದ ತಮ್ಮ.