ಕರಿ ಕಲ್ಲಿನಲ್ಲಿ ಕರಿಯ

ಸತ್ತ ನಮ್ಮ ನಾಯಿ ಕರಿಯನ ನೆನಪಿಗೆ ಅವನ ಮುಖ ಕೆತ್ತಿದ ಕಲ್ಲು ನಿಲ್ಲಿಸಲು ಹೊರಟಾಗ, ಕರಿ ಗ್ರಾನೈಟ್ ಮೇಲೆ ಕರಿ ನಾಯಿಯ ಮುಖ ಕೂರುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಕಲ್ಲಿನ ಮೇಲೆ ಫೋಟೋ ಕೊರೆಯುವ ಲೇಸರ್ ಅಂಗಡಿಯವರು ಹೇಳಿದರು, ಸಮಾಧಿ ಕಲ್ಲು ಮಾಡುವ ಗೆಳೆಯರು ಹೇಳಿದರು, ಕೌಲ್ ಬಜಾರಿನಲ್ಲಿ ಜೀವಮಾನವೆಲ್ಲ ಉಳಿ ಹಿಡಿದ ನಮ್ಮ ಸೋದರಮಾವನೂ ಹೇಳಿದರು: "ಕರೇ ನಾಯಿ ಕರೇ ಕಲ್ಲಾಗ ಎಲ್ಲಿ ಕಾಣ್ತೈತಲೇ? ಬಿಳಿ ಮಾರ್ಬಲ್ ತಗೊಂಡು ಪೇಂಟ್ ಹೊಡಿ, ಮುಗೀತು." ಆ ಕಲ್ಲು ಈಗ ಹಿತ್ತಲಿನ ಬೇವಿನ ಕೆಳಗೆ ನಿಂತು ಬಳ್ಳಾರಿಯ ಬೇಸಿಗೆಯನ್ನೂ ಕಂಡಿದೆ. ಮಾವ ಬಂದಾಗ ಅದರ ಎದುರಿಗೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಮಾರ್ಬಲ್ಲಿನ ಮಾತು ಮತ್ತೆ ಎತ್ತಿಲ್ಲ.

ಕರಿಯ ನಮ್ಮ ಗ್ರಾನೈಟ್ ಶೆಡ್ಡಿನ ನಾಯಿ. 2011ರಲ್ಲಿ ಸ್ಲ್ಯಾಬ್ ಲಾರಿಯ ಹಿಂದೆ ಓಡಿ ಬಂದ ಮರಿ. ಜಾತಿ ಕೇಳಬೇಡಿ, ಮುಧೋಳವೂ ಅಲ್ಲ, ಮತ್ತೊಂದೂ ಅಲ್ಲ. ಉಂಡ, ಕಾದ, ಮಕ್ಕಳ ಜೊತೆ ಬೆಳೆದ. 2024ರಲ್ಲಿ ಕಿಡ್ನಿ ಕೈಕೊಟ್ಟಿತು. ಡ್ರಿಪ್ ಮೇಲೆ ಕೆಲವು ದಿನ ಇದ್ದು ಹೋದ.

ಕಲ್ಲು ನಿಲ್ಲಿಸುತ್ತೇನೆ ಎಂದಾಗ ಮೊದಲು ತಕರಾರು ತೆಗೆದವಳು ಅವ್ವ. "ನಿಮ್ಮಪ್ಪಗೇ ಕಲ್ಲಿಲ್ಲ, ನಾಯಿಗೇನೋ ಕಲ್ಲು?" ಆತಕೂರಿನ ಕಥೆ ಹೇಳಿದೆ. ಮದ್ದೂರು ತಾಲೂಕಿನ ಊರು. 949ರ ತಕ್ಕೋಲ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಆ ಕಾಲದಲ್ಲೇ ಅವನ ಕಡೆಯ ವೀರ ಮಣಲೇರ, ಏನು ಬೇಕೋ ಬೇಡು ಎಂದು ರಾಜ ಮೆಚ್ಚಿ ಹೇಳಿದಾಗ ಊರು ಕೇರಿ ಏನೂ ಕೇಳದೆ ಕಾಳಿ ಎಂಬ ಬೇಟೆನಾಯಿ ಕೇಳಿದ. ಕಾಳಿ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡುವ ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ, ನಾನೇ ಕಣ್ಣಾರೆ ನೋಡಿದ್ದೇನೆ. ಅವ್ವ ರಾಜರ ಕಥೆಗೆ ಬಗ್ಗುವವಳಲ್ಲ. ನಮ್ಮ ಮನೆದೇವರು ಮೈಲಾರಲಿಂಗ, ಗೊರವರು ಆತನ ಭಕ್ತರು. "ಅವ್ವ, ಗೊರವಯ್ಯ ಬಂದಾಗ ನೀನೇ ಆತನ ದೋಣಿ ಬಟ್ಟಲಾಗ ಹಾಲು ಬಾಳೆಹಣ್ಣು ಹಾಕ್ತಿ, ಆತ ನಾಯಿ ಹಂಗ ಬೊಗಳಿ ಬಾಯಿ ಹಚ್ಚಿ ತಿಂತಾನ, ಕಾಲಿಗೂ ಬೀಳ್ತಿ. ಅದು ಯಾರ ವೇಷ?" ಎಂದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಹೇಳಿದಳು: "ಮಕ ಪೂರ್ವಕ್ಕ ಇರ್ಲಿ."

ಈಗ ಕೆಲಸದ ವಿಷಯ. ಮೊದಲು ಹೋಗಿದ್ದು ಲೇಸರ್‌ಗೇ. ಒಂದೂವರೆ ಅಡಿಗೆ ಎರಡಡಿ ತುಂಡು, 18 ಎಂಎಂ, ಅಂಚಿನ ಪಾಲಿಶ್ ಸೇರಿ ಒಂಬೈನೂರರ ಆಸುಪಾಸು. ಲೇಸರ್ ಕೂಲಿ 1,500. ಮನೆಯಲ್ಲಿದ್ದ ದೊಡ್ಡ ಫೋಟೋ ಮಗಳು ದೀಪಾವಳಿ ರಾತ್ರಿ ಫ್ಲ್ಯಾಶ್ ಹಾಕಿ ತೆಗೆದದ್ದು. ಕಲ್ಲಿನ ಮೇಲೆ ಬಂದದ್ದು ಎರಡು ಕಣ್ಣು, ಒಂದು ನಾಲಿಗೆ, ಕೊರಳ ಪಟ್ಟಿಯ ಬಕಲ್ಲು. ನಡುವೆ ನಾಯಿಯೇ ಇಲ್ಲ. ಲೇಸರ್ ಪಾಲಿಶ್ ಒಡೆದು ಬೆಳ್ಳಗೆ ಮಾಡುತ್ತದೆ ಅಷ್ಟೆ, ಫೋಟೋದಲ್ಲಿ ಕಪ್ಪಿದ್ದ ಕಡೆ ಕಲ್ಲನ್ನು ಮುಟ್ಟುವುದೇ ಇಲ್ಲ. ಅಂಗಡಿಯ ಹುಡುಗ ಬ್ರೈಟ್‌ನೆಸ್ ಏರಿಸಿ ಇನ್ನೊಂದು ತುಂಡಿಗೆ ಹೊಡೆದ. ಈ ಸಲ ನಾಯಿ ಬಂತು, ಆದರೆ ಬೂದಿ ಬಳಿದ ಹಂದಿಮರಿಯ ಹಾಗೆ. ಹೆಂಡತಿ ನೋಡಿ ಅತ್ತಳು, ಮಗಳು ನಕ್ಕಳು. ದುಡ್ಡಿನ ಮಾತೆತ್ತಿದ್ದಕ್ಕೆ ಅಂಗಡಿಯವರು "ಫೋಟೋ ನಿಮ್ದೇ ಅಲ್ರೀ" ಎಂದರು.

ಆ ಎರಡನೆಯ ತುಂಡು ಇನ್ನೊಂದು ಪಾಠ ಕಲಿಸಿತು. ಏಪ್ರಿಲ್ ಬಿಸಿಲಿಗೆ ಹಿತ್ತಲಲ್ಲಿ ಇಟ್ಟಿದ್ದೆ. ಮೇ ಮುಗಿಯುವ ಹೊತ್ತಿಗೆ ಕಲ್ಲೇ ಬೂದು ಬಣ್ಣಕ್ಕೆ ತಿರುಗಿ ಇದ್ದ ಚಿತ್ರವೂ ಮಸುಕಾಯಿತು. ಕಪ್ಪು ಬಣ್ಣ ಕುಡಿಸಿದ ಮಾಲು. ನಮ್ಮವರಿಗೆ ಗೊತ್ತಿರುವುದೇ: ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಜೋರಾಗಿ ಉಜ್ಜಿ, ಬಟ್ಟೆ ಕಪ್ಪಾದರೆ ಲಾರಿಯಿಂದ ಇಳಿಸಲೇಬೇಡಿ. ಕಿಚನ್ ಕಟ್ಟೆಗೆ ಹಾಕಿದರೆ ಗಿರಾಕಿಗೆ ವರ್ಷಗಟ್ಟಲೆ ತಿಳಿಯದೆ ಹೋಗಬಹುದು. ಬಿಸಿಲಲ್ಲಿ ನಿಲ್ಲುವ ಚಿತ್ರಕ್ಕೆ ಅದು ಆಗುವುದಿಲ್ಲ.

ನಡುವೆ ಒಂದಿಷ್ಟು ಅಡ್ಡದಾರಿಗಳೂ ಆದವು. ಬಳಪದ ಕಲ್ಲಿನಲ್ಲಿ ಮೂರ್ತಿಯನ್ನೇ ಕೆತ್ತಲು ಹೋದೆ; ಮುಖ ಸುಮಾರಾಗಿ ಬಂತು, ಬಾಲ ಎರಡು ಸಲ ಮುರಿಯಿತು, ಈಗ ಅದು ಬಾಗಿಲಿಗೆ ಅಡ್ಡ ಇಡುವ ಕಲ್ಲು. ಮಣ್ಣು ಮಾಡುವ ಮುಂಚೆ ಹೆಂಡತಿ ಅವನ ಮುಂಗಾಲನ್ನು ಚಪಾತಿ ಹಿಟ್ಟಿಗೆ ಒತ್ತಿ ಇಟ್ಟಿದ್ದಳು, ಅದಕ್ಕೆ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸುರಿದೆ. ನಾಲ್ಕು ಬೆರಳು, ಉಗುರು, ಎಡಗಡೆ ಬೆರಳಿನ ಹಳೆ ಗಾಯದ ಗೀರು ಎಲ್ಲವೂ ಬಂತು. ಆ ಅಚ್ಚಿನಿಂದ ಸ್ಟಿಕ್ಕರ್ ಕತ್ತರಿಸಿ ಕಲ್ಲಿನ ಮೂಲೆಗೆ ಸ್ಯಾಂಡ್ ಬ್ಲಾಸ್ಟ್, ಅಂದರೆ ಜೋರಾಗಿ ಮರಳು ಚಿಮ್ಮಿಸಿ ಕೊರೆಯುವುದು, ಹೊಡೆದೆ. ಮೊದಲ ಏಟಿಗೇ ಕೂತಿದ್ದರಿಂದ ಅದರ ಬಗ್ಗೆ ಹೇಳುವುದೇನೂ ಇಲ್ಲ.

ಮುಖ ಮಾತ್ರ ಸತಾಯಿಸಿತು. ದಾರಿ ಸಿಕ್ಕಿದ್ದು ಬಳ್ಳಾರಿ ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ. ಸಂಗನಕಲ್ಲಿನ ಹತ್ತಿರ ನವಶಿಲಾಯುಗದ ಜನ ಬಂಡೆಗೆ ಕುಟ್ಟಿ ಕುಟ್ಟಿ ಬಿಡಿಸಿದ ಉದ್ದ ಕೊಂಬಿನ ಎತ್ತುಗಳಿವೆ, ಕಲ್ಲಿನಿಂದ ತಟ್ಟಿದರೆ ಗಣ್ ಎನ್ನುವ ಬಂಡೆಗಳೂ ಇವೆ. ಕ್ವಾರಿಯವರು ಒಂದಿಷ್ಟು ಒಡೆದೂ ಇದ್ದಾರೆ. ಚಿಕ್ಕಂದಿನಿಂದ ನೋಡಿದ ಜಾಗವೇ, ಆದರೆ ಆ ದಿನ ಕಸುಬಿನ ಕಣ್ಣಿಂದ ನೋಡಿದೆ. ಆ ಕಲ್ಲು ಡಾಲೆರೈಟ್. ನಾವು ಬ್ಲ್ಯಾಕ್ ಗ್ರಾನೈಟ್ ಎಂದು ಅಡಿ ಲೆಕ್ಕದಲ್ಲಿ ಮಾರುವ ಎಷ್ಟೋ ಮಾಲೂ ಅದೇ ಕುಲದ್ದು. ಮೇಲಿನ ಚರ್ಮ ಕಪ್ಪು, ಏಟು ಬಿದ್ದ ಕಡೆ ತಿಳಿ. ಅವರು ಎತ್ತಿನ ಇಡೀ ಮೈ ಕುಟ್ಟಿ ತಿಳಿ ಮಾಡಿದ್ದಾರೆ. ನನ್ನದು ಕಪ್ಪು ನಾಯಿ, ಅಂದರೆ ಮೈ ಬಿಟ್ಟು ಹೊರಗೆ ಕುಟ್ಟಬೇಕು. ಇಷ್ಟು ಹೊಳೆಯಿತು, ಸರಿ. ಮುಖದ ಒಳಗೆ ಎಲ್ಲಿ ಕುಟ್ಟುವುದು?

ಅದಕ್ಕೆ ಉತ್ತರ ಕೊಟ್ಟದ್ದು ಪಾಲಿಶ್ ಹುಡುಗನ ಹಳೆ ಮೊಬೈಲು. ಕರಿಯ ದಿನವೂ ಕಟಿಂಗ್ ಮಷೀನಿನ ಪಕ್ಕ ಕಲ್ಲಿನ ಪುಡಿಯಲ್ಲೇ ಮಲಗುತ್ತಿದ್ದ, ಬೈದರೂ ಏಳುತ್ತಿರಲಿಲ್ಲ. ಸಂಜೆ ಎದ್ದು ನಿಂತ ಒಂದು ಫೋಟೋ ಅದರಲ್ಲಿತ್ತು. ಹುಬ್ಬಿನ ಮೇಲೆ, ಮೂಗಿನ ದಂಡೆಯ ಮೇಲೆ, ಕಿವಿಯ ಅಂಚಿಗೆ, ಕತ್ತಿನ ಮಡಿಕೆಗೆ ತೆಳ್ಳಗೆ ಬಿಳಿ ಪುಡಿ ಕೂತಿದೆ, ಉಳಿದದ್ದೆಲ್ಲ ಕಪ್ಪು. ಮೇಲಿನಿಂದ ಬೆಳಕು ಬಿದ್ದರೆ ಎಲ್ಲಿ ಹೊಳೆಯಬೇಕೋ ಪುಡಿಯೂ ಅಲ್ಲೇ ಕೂರುತ್ತದೆ. ಪುಡಿ ಕೂತಲ್ಲಿ ಚುಚ್ಚು, ಕೂರದಲ್ಲಿ ಪಾಲಿಶ್ ಮುಟ್ಟಬೇಡ. ಇಡೀ ವಿದ್ಯೆ ಇಷ್ಟೇ.

ಫೋಟೋ ಎ3ಗೆ ಪ್ರಿಂಟ್ ಹಾಕಿಸಿ, ಟೈಲರ್‌ಗಳ ಹಳದಿ ಕಾರ್ಬನ್ನಿನಿಂದ ಕಲ್ಲಿಗೆ ಇಳಿಸಿದೆ. ಆಫೀಸಿನ ಕರಿ ಕಾರ್ಬನ್ ಇಲ್ಲಿ ಕೆಲಸಕ್ಕೆ ಬಾರದು. ಮೊದಲು ಹಿನ್ನೆಲೆ. ಬೆನ್ನು, ಕಿವಿಗಳ ಅಂಚಿಗೆ ತಾಗಿ ದಟ್ಟವಾಗಿ ಚುಕ್ಕೆ, ಹೊರಗೆ ಹೋದಂತೆ ವಿರಳ. ಇಷ್ಟಕ್ಕೇ ನಾಯಿಯ ಆಕಾರ ಎದ್ದು ನಿಲ್ಲುತ್ತದೆ, ಇನ್ನೂ ನಾಯಿಯನ್ನು ಮುಟ್ಟಿಯೇ ಇಲ್ಲ! ಆಮೇಲೆ ಕಾರ್ಬೈಡ್ ಮೊನೆಯಲ್ಲಿ ಕೂದಲು ಹೋದ ದಿಕ್ಕಿಗೇ ಸಣ್ಣ ಗೀರು. ಮೀಸೆಗೆ ಮಾತ್ರ ಡೈಮಂಡ್ ಬರ್ (ವಜ್ರದ ಪುಡಿ ಕೂರಿಸಿದ, ತಿರುಗುವ ಸಣ್ಣ ಮೊನೆ), ಒಂದೇ ಎಳೆತ, ಕೈ ನಡುಗಿದರೆ ಕಲ್ಲು ಹೋಯಿತು. ಟ್ಯೂಬ್‌ಲೈಟ್ ಪಕ್ಕಕ್ಕೆ ನೆಲದ ಮಟ್ಟದಲ್ಲಿ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ನೋಡಬೇಡಿ: ಒದ್ದೆಯಲ್ಲಿ ಚುಕ್ಕೆಗಳು ಮಾಯ, ಸಾಲದು ಎಂದು ಇನ್ನಷ್ಟು ಚುಚ್ಚಿ ಕೆಡಿಸುತ್ತೀರಿ. ಕಣ್ಣು ಕೊನೆಗೆ. ಗುಡ್ಡೆ ಪೂರ್ತಿ ಪಾಲಿಶ್‌ನಲ್ಲೇ ಉಳಿಸಿ ಮೇಲ್ಗಡೆ ಒಂದೇ ಒಂದು ಏಟು. ನಾನು ಅದನ್ನು ಹೊಡೆದದ್ದು ರಾತ್ರಿ ಹನ್ನೊಂದರ ಮೇಲೆ. ಹೊಡೆದು ಕೈ ತೆಗೆದರೆ ಕರಿಯ ನೋಡುತ್ತಿದ್ದಾನೆ! ಬೀಡಿ ಹಚ್ಚಿಕೊಂಡು ಸುಮಾರು ಹೊತ್ತು ಹೊರಗೆ ನಿಂತೆ.

ಮೊನೆಯನ್ನು ಯಾವ ಕೋನಕ್ಕೆ ಸಾಣೆ ಹಿಡಿಯುವುದು ಎಂದು ಕೆಲವರು ಫೋನ್ ಮಾಡಿ ಕೇಳುತ್ತಾರೆ. ಪೆನ್ಸಿಲ್ಲಿನಷ್ಟು ಚೂಪು ಬೇಡ, ಅಷ್ಟು ಸಾಕು. ಉಳಿದದ್ದು ನನ್ನ ಅನ್ನ.

ಇನ್ನು ನಮ್ಮ ಜಿಲ್ಲೆಯದೇ ಪೀಡೆ, ಕೆಂಧೂಳು. ಅದಿರಿನ ಲಾರಿ ಓಡಾಡುವ ಕಡೆ ಇರುವವರಿಗೆ ಹೇಳಬೇಕಿಲ್ಲ. ಚುಕ್ಕೆಯೊಳಗೆ ಧೂಳು ಕೂತು ಕೆಲವೇ ತಿಂಗಳಲ್ಲಿ ಕರಿಯನ ಹುಬ್ಬಿಗೆ ಕುಂಕುಮ ಹಚ್ಚಿದಂತಾಯಿತು. ಕೆಲವರು ಚುಕ್ಕೆಗೆ ಬಿಳಿ ಪೇಂಟ್ ತುಂಬುತ್ತಾರೆ. ಆಗ ಬೂದು ಬಣ್ಣದ ಹತ್ತು ತರ ಹೋಗಿ ಬಿಳಿಯೊಂದೇ ಉಳಿಯುತ್ತದೆ, ಮುಖ ಕಾರ್ಟೂನು. ಆಸಿಡ್ಡಿನ ಹತ್ತಿರ ಹೋಗಬೇಡಿ, ಪಾಲಿಶ್ ಹಾಳು. ಸೋಪಿನ ನೀರು, ಹಳೆ ಟೂತ್‌ಬ್ರಷ್, ಪೂರ್ತಿ ಒಣಗಿದ ಮೇಲೆ ನೀರು, ಕಲೆ ಒಳಗಿಳಿಯದಂತೆ ಸೀಲರ್. ಸೀಲರ್ ಹಚ್ಚುವ ಮುಂಚೆ ಇನ್ನೊಂದು ಉಜ್ಜುತ್ತೇನೆ, ಅಡುಗೆಮನೆಯದ್ದೇ. ಅದೂ ಅಂಗಡಿಯ ಗುಟ್ಟು.

ದುಡ್ಡಿನ ಲೆಕ್ಕ ನೆನಪಿನಿಂದ: ಹಾಳಾದ ತುಂಡುಗಳು, ಲೇಸರ್, ಬಳಪದ ಕಲ್ಲು ಎಲ್ಲ ಸೇರಿ ಏಳು ಸಾವಿರ ದಾಟಿತ್ತು. ಗೆದ್ದ ಕಲ್ಲಿಗೆ ಮಾತ್ರ ಲೆಕ್ಕ ಹಾಕಿದರೆ ಸ್ಲ್ಯಾಬ್, ಬರ್, ಸೀಲರ್ ಸೇರಿ ಎರಡು ಸಾವಿರದೊಳಗೆ. ಕೂಲಿ ಹಿಡಿದಿಲ್ಲ, ಸಂಜೆಗಳ ಕೆಲಸ. ಕಲ್ಲಿನ ಮೇಲೆ ಬರೆದದ್ದು "ಕರಿಯ, 2011–2024", ಅಷ್ಟೆ. ಮಗ ಇಂಗ್ಲಿಷಿನಲ್ಲಿ ಎರಡು ಸಾಲು ತಂದಿದ್ದ, ಬೇಡ ಎಂದೆ. ಅಕ್ಷರ ಜಾಸ್ತಿಯಾದರೆ ಜನ ಅದನ್ನೇ ಓದುತ್ತಾರೆ, ಮುಖ ನೋಡುವುದಿಲ್ಲ.

ಈಗ ಆರ್ಡರ್ ಬರುತ್ತವೆ. ಸಿಂಧನೂರಿನ ರೈತರೊಬ್ಬರು ಲ್ಯಾಬ್ರಡಾರ್‌ದು ಮಾಡಿಸಿದರು, ಹೊಸಪೇಟೆಯಿಂದ ಡಾಬರ್‌ಮನ್ ಬಂತು. ನಾಲ್ಕೂವರೆ ಸಾವಿರ ತೆಗೆದುಕೊಳ್ಳುತ್ತೇನೆ, ಕಲ್ಲು ನನ್ನದೇ. ಫ್ಲ್ಯಾಶ್ ಫೋಟೋ ತಂದರೆ ವಾಪಸ್ ಕಳಿಸುತ್ತೇನೆ. ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಪಕ್ಕದಿಂದ ತೆಗೆದದ್ದು ಬೇಕು. ನಾಯಿ ಇದ್ದಾಗಲೇ ಅಂಥದ್ದೊಂದು ತೆಗೆದಿಡಿ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ, ಕೆಲವರಿಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ಒಬ್ಬರು ಬೆಳ್ಳನೆ ಪೊಮೆರೇನಿಯನ್ ಫೋಟೋ ತಂದು, "ಇದು ಭಾಳ ಕಷ್ಟ ಏನ್ರೀ?" ಎಂದು ಅಂಜುತ್ತಾ ಕೇಳಿದರು. ಕಷ್ಟ ಐತ್ರೀ ಎಂದೆ. ಎರಡು ಸಂಜೆಗೆ ಮುಗಿಯಿತು, ರೇಟು ಮಾತ್ರ ಅದೇ.