ಸುಣ್ಣದ ಮಾಳಿಗೆ, ಹಗುರ ಬಿಲ್

ವಿಜಯಪುರದಲ್ಲಿ ಶಿವರಾತ್ರಿ ಮುಗಿದರೆ ಸಾಕು, ಬಿಸಿಲು ಶುರು. ಆಮೇಲೆ ಮಳೆ ಬೀಳುವ ತನಕ ಫ್ಯಾನ್ ಆರಿಸುವ ಮಾತೇ ಇಲ್ಲ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಸೊಸೆ ಬಿಲ್ ಹಿಡಿದುಕೊಂಡು ಬಂದಳು. "ಆಯಿ, ಗೃಹಜ್ಯೋತಿ ಐತಿ, ಆದ್ರೂ ರೊಕ್ಕ ಕಟ್ಟು ಅಂತ ಬಂದೈತಿ" ಅಂದಳು. ಪಾಪ, ಮುಖ ಸಣ್ಣದಾಗಿತ್ತು.

ಗೃಹಜ್ಯೋತಿ ಅಂದರೆ ಮನೆಗಳಿಗೆ ಪುಕ್ಕಟೆ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಯೋಜನೆ. ಅದರಲ್ಲಿ ತಿಂಗಳಿಗೆ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಕರೆಂಟ್ ಸುಟ್ಟಿತ್ತೋ, ಅದಕ್ಕೆ ನೂರಕ್ಕೆ ಹತ್ತು ಸೇರಿಸಿ ಕೊಡುತ್ತಾರೆ. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಅದರ ಬದಲು ಹತ್ತು ಯೂನಿಟ್ ಸೇರಿಸುತ್ತಾರೆ. ಅವಳ ಸರಾಸರಿ 90, ಅಂದರೆ 99 ಪುಕ್ಕಟೆ. ಅದರ ಮೇಲೆ ಸುಟ್ಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಇದು ವರ್ಷದ ಸರಾಸರಿ, ಚಳಿಗಾಲದ ತಿಂಗಳುಗಳೂ ಅದರಲ್ಲಿ ಸೇರಿವೆ. ನಮ್ಮ ಕಡೆಯ ಬೇಸಿಗೆಗೆ ಅದು ಸಾಲುತ್ತದಾ ಹೇಳಿ?

ಅದಕ್ಕೇ ನಾನು ಮೊದಲು ಅವಳ ಮಾಳಿಗೆ ಹತ್ತಿ ನೋಡಿದೆ. ಸಿಮೆಂಟ್ ಸ್ಲ್ಯಾಬ್ ಕರ್ರಗಾಗಿತ್ತು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ಕೆಳಗೆ ಬಿಡುತ್ತದೆ. ಫ್ಯಾನ್ ಆ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ ಅಷ್ಟೆ. ಬಿಳಿ ಮಾಳಿಗೆ ಅಷ್ಟು ಬಿಸಿಲು ಕುಡಿಯೋದಿಲ್ಲ, ಅದಕ್ಕೇ ನಾನು ಪ್ರತಿ ವರ್ಷ ಹೋಳಿ ಹುಣ್ಣಿಮೆಗೆ ಮೊದಲೇ ಮಾಳಿಗೆಗೆ ಸುಣ್ಣ ಬಳಿಸುತ್ತೇನೆ. ಹತ್ತು ಕಿಲೋ ಸುಣ್ಣವನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ನೆನೆ ಹಾಕಿ. ಸುಣ್ಣ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಸಿಡಿದರೆ ಭಾರಿ ಅಪಾಯ. ಮರುದಿನ ಬಟ್ಟೆಯಲ್ಲಿ ಸೋಸಿ, ಅರ್ಧ ಕಿಲೋ ಫೆವಿಕಾಲ್ ಕಲಸಿ. ಮಾಳಿಗೆ ಗುಡಿಸಿ, ತೊಳೆದು, ಸಂಜೆ ಹೊತ್ತಿಗೆ ಬಳಿಯಿರಿ. ಒಂದು ಸಲ ಒಣಗಿದ ಮೇಲೆ ಇನ್ನೊಂದು ಸಲ. ಮಳೆಗಾಲದಲ್ಲಿ ತೊಳೆದು ಹೋಗುತ್ತದೆ, ಹೋಗಲಿ. ಮುಂದಿನ ವರ್ಷ ಮತ್ತೆ ಬಳಿದರಾಯಿತು.

ಪತ್ರಾಸಿನ, ಅಂದರೆ ತಗಡಿನ ಮನೆಯವರ ಕಷ್ಟ ಇನ್ನೂ ಜಾಸ್ತಿ. ತಗಡಿಗೆ ಸುಣ್ಣ ನಿಲ್ಲೋದಿಲ್ಲ. ಒಳಗಡೆ ಪತ್ರಾಸಿಗಿಂತ ಒಂದು ಗೇಣು ಕೆಳಗೆ ಬಿದಿರಿನ ತಟ್ಟಿ ಕಟ್ಟಿಸಿ. ನಡುವಿನ ಬಿಸಿ ಗಾಳಿ ಹೊರಗೆ ಹೋಗಲು ಎರಡೂ ಕಡೆ ದಾರಿ ಬಿಡಿ. ತಗಡಿನ ಮೇಲೆ ಕಬ್ಬಿನ ರವದಿ (ಒಣ ಎಲೆ), ಜೋಳದ ಕಣಕಿ (ಒಣ ದಂಟು) ಹಾಕುವವರೂ ಇದ್ದಾರೆ. ತಂಪೇನೋ ಆಗುತ್ತದೆ. ಆದರೆ ಒಲೆಯ ಕಿಡಿ, ವೈರ್ ಹತ್ತಿರ ಇದ್ದರೆ ಬೇಡವೇ ಬೇಡ ತಂಗಿ, ಜೀವಕ್ಕಿಂತ ಬಿಲ್ ದೊಡ್ಡದಲ್ಲ.

ಪಡುವಣ ಕಿಟಕಿ ಹನ್ನೊಂದಕ್ಕೇ ಮುಚ್ಚಿ, ರಾತ್ರಿ ತೆರೆಯಿರಿ. ನಮ್ಮ ಒಣ ಗಾಳಿಗೆ ಕಿಟಕಿಗೆ ಕಟ್ಟಿದ ಒದ್ದೆ ಗೋಣಿ ಚೀಲ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗಾವಿ ಕಡೆಯ ಖಾನಾಪುರದ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಇದು ಸುಮ್ನೆ ದಂಡ, ಅಲ್ಲಿ ಹಂಚು ಸರಿ ಮಾಡಿಸೋದೇ ಮೊದಲ ಕೆಲಸ.

ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಎರಡು ಫ್ಯಾನ್ ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 54 ಯೂನಿಟ್. ಕಡಿಮೆ ಕರೆಂಟ್ ತಿನ್ನುವ ಮೋಟರಿನ ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನದು, ಅದೇ ಕೆಲಸಕ್ಕೆ ಸುಮಾರು 22 ಯೂನಿಟ್ ಸಾಕು. ಬೆಲೆ ಜಾಸ್ತಿ, ಹಾಗಾಗಿ ಒಟ್ಟಿಗೆ ಎರಡೂ ಬೇಡ, ಮಲಗುವ ಕೋಣೆಯದನ್ನು ಮೊದಲು ಬದಲಿಸಿ. ಕಾಯಿಲ್ ಹಾಕಿ ನೀರು ಕಾಯಿಸುವವರು ಒಂದು ಬಕೆಟ್‌ಗೆ ಅರ್ಧ ಯೂನಿಟ್ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಕೊಡದ ನೀರೇ ಸಾಕಲ್ವಾ.

ಬಾಡಿಗೆಯವರಿಗೂ ಗೃಹಜ್ಯೋತಿ ಸಿಗುತ್ತದೆ. ನೀವು ಹೋದ ಹೊಸ ಮನೆಯ ಮೀಟರಿಗೆ ಹಿಂದಿನವರ ಆಧಾರ್ ಜೋಡಣೆಯಾಗಿದ್ದರೆ ಅದನ್ನು ತೆಗೆಸಬೇಕು. ನನ್ನ ತಮ್ಮನ ಮಗಳು ಇದು ಗೊತ್ತಿಲ್ಲದೆ ಮೂರು ತಿಂಗಳು ಪೂರ್ತಿ ಬಿಲ್ ಕಟ್ಟಿದಳು. ಆಧಾರ್, ಬಾಡಿಗೆ ಕರಾರು, ಬಿಲ್ ಮೇಲಿನ ಅಕೌಂಟ್ ನಂಬರ್ ತೆಗೆದುಕೊಂಡು ಹೆಸ್ಕಾಂ (ನಮ್ಮ ಕಡೆಯ ಕರೆಂಟ್ ಕಂಪನಿ) ಕಚೇರಿಗೋ, ಸರ್ಕಾರಿ ಸೇವೆಗಳ ಗ್ರಾಮ ಒನ್ ಕೇಂದ್ರಕ್ಕೋ ಹೋಗಿ. ಮನೆ ಬಿಡುವಾಗ ನಿಮ್ಮ ಆಧಾರ್ ಕೂಡ ತೆಗೆಸಿ ಹೋಗಿ, ಮುಂದೆ ಬರುವವರಿಗೆ ಆ ಓಡಾಟ ತಪ್ಪುತ್ತದೆ.