ಕೋಲಾರದ ಕೆರೆಗೆ ಫೋಮ್ ದೋಣಿ: ನನ್ನ ಅನುಭವ

ಛಾವಣಿಯ ಬಿಸಿಲು ತಡೆಯಲು ಹಾಕುವ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಫೋಮ್ ಹಲಗೆಗೆ ಫೈಬರ್ ಹೊದಿಸಿ ದೋಣಿ ಕಟ್ಟುತ್ತೇನೆ ಎಂದಾಗ, ಮೊದಲು ಬೇಡವೆಂದವರು ಫೈಬರ್ ಕೆಲಸ ಬಲ್ಲವರೇ. "ಅದೂ ಥರ್ಮಾಕೋಲಿನ ಜಾತಿಯೇ, ಆರು ತಿಂಗಳಲ್ಲಿ ಫೈಬರ್ ಸಿಪ್ಪೆ ಎದ್ದು ಬರುತ್ತದೆ, ಪಿವಿಸಿ ಫೋಮ್ ತರಿಸಿ" ಎಂದರು. ಆ ಫೋಮಿನ ಬೆಲೆಯಲ್ಲಿ ನನ್ನ ಇಡೀ ದೋಣಿ ಮುಗಿಯುತ್ತಿತ್ತು. ಈಗ ಎರಡು ಮಳೆಗಾಲ ಕಳೆದಿವೆ. ದೋಣಿ ದಿನವೂ ಬಲೆ ಹೊತ್ತು ಹೋಗಿ ಬರುತ್ತಿದೆ, ಸಿಪ್ಪೆ ಎಲ್ಲಿಯೂ ಎದ್ದಿಲ್ಲ.

ನಮಗೆ ಇಂಥ ದೋಣಿಯೇ ಬೇಕಾಗಿದ್ದಕ್ಕೆ ಕಾರಣ ಜಾಲಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದು, ನರಸಾಪುರದ ಕಡೆ ಹರಿದ ಮೇಲೆ ನಮ್ಮ ಬದಿಯ ಕೆರೆಗಳೂ ತುಂಬಿದವು. ವರ್ಷಗಟ್ಟಲೆ ಒಣಗಿದ್ದ ಕೆರೆಯಂಗಳದಲ್ಲಿ ಬೆಳೆದಿದ್ದ ಜಾಲಿ ಹಾಗೆಯೇ ಮುಳುಗಿತು. ಕಾಟ್ಲಾ, ರೋಹು ಹಿಡಿಯಲು ಹರಿಗೋಲು ಇಳಿಸಿದರೆ ನೀರಿನಡಿಯ ಮೊಂಡು ತಗುಲಿ ತಳ ಹರಿಯುತ್ತದೆ. ಟ್ಯೂಬ್ ಕಟ್ಟಿದ ತೆಪ್ಪದ ಕಥೆಯೂ ಅಷ್ಟೆ. ತೂತು ಬಿದ್ದರೂ ಮುಳುಗಬಾರದು, ಇಬ್ಬರು ಎತ್ತಿ ಏರಿ ದಾಟಿಸುವಂತಿರಬೇಕು ಎಂದರೆ ಒಳಗೆ ಫೋಮ್ ಇರಲೇಬೇಕು.

ಫೈಬರ್ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಕ್ಸ್‌ಪಿಎಸ್ ಅನ್ನು ಕರಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನನಗೆ ಇನ್ನೊಂದು ಅಡ್ಡಿಯೂ ಇತ್ತು: ಕೆಲಸ ಮಾಡಿದ್ದು ಹಳೆಯ ರೇಷ್ಮೆ ಸಾಕಣೆ ಮನೆಯಲ್ಲಿ, ಹುಳು ಇದ್ದದ್ದು ಪಕ್ಕದ ಹೊಸ ಮನೆಯಲ್ಲಿ. ಸ್ಟೈರೀನ್ ವಾಸನೆ ಅತ್ತ ಹೋದರೆ ಬೆಳೆ ಏನಾದೀತೋ ಎಂದು ನನ್ನ ಹೆಂಡತಿ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದಳು. ಹಾಗಾಗಿ ಸ್ಟೈರೀನ್ ಇಲ್ಲದ ಎಪಾಕ್ಸಿ ರೆಸಿನ್ನೇ ಗತಿ. ರೆಸಿನ್ ಎಲ್‌ವೈ 556, ಅದನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಎಚ್‌ವೈ 951, ತೂಕದಲ್ಲಿ ನೂರಕ್ಕೆ ಹತ್ತು.

ಮೊದಲ ಸರಕಿನ ಹಾರ್ಡ್ನರ್ ಹಳೆಯದಾಗಿತ್ತು. ಡಬ್ಬಿಯ ಮುಚ್ಚಳದ ಸುತ್ತ ಬಿಳಿಯ ಹೊಪ್ಪಳೆ ಕಟ್ಟಿತ್ತು. ಅಂಗಡಿಯವರು ಪರವಾಗಿಲ್ಲ ಎಂದರು. ವಾರ ಕಳೆದರೂ ಹಲಗೆಗಳು ಜಿಗುಟಾಗಿಯೇ ಉಳಿದು, ನಾಲ್ಕೈದು ಸಾವಿರ ರೂಪಾಯಿಯ ಮಾಲು ತಿಪ್ಪೆ ಸೇರಿತು. ಅದೇ ಅಂಗಡಿಯವರು ಎಪಾಕ್ಸಿಗೂ ಚಾಪ್ಡ್ ಮ್ಯಾಟ್ (ತುಂಡು ಗ್ಲಾಸ್ ಎಳೆಗಳನ್ನು ಅಂಟಿಸಿ ಮಾಡಿದ ಹಾಸು) ನಡೆಯುತ್ತದೆ ಎಂದು ಕೊಟ್ಟಿದ್ದರು. ಆ ಮ್ಯಾಟಿನ ಎಳೆ ಹಿಡಿದಿರುವ ಅಂಟು ಕರಗಿ ಬಿಡುವುದು ಸ್ಟೈರೀನಿಗೆ. ಎಪಾಕ್ಸಿ ಎಷ್ಟು ಸುರಿದರೂ ಅದು ಹಪ್ಪಳದಂತೆ ಸೆಟೆದೇ ನಿಂತಿತು. ಮೂಲೆಗಳಲ್ಲಿ ಕೂರಲೇ ಇಲ್ಲ. ಆಮೇಲೆ ಬರೀ ನೇಯ್ದ ಗ್ಲಾಸ್ ಬಟ್ಟೆಯನ್ನೇ ಬಳಸಿದೆ, ಚದರ ಮೀಟರಿಗೆ 400 ಗ್ರಾಮಿನದು.

ಸಿಪ್ಪೆ ಏಳುವ ವಿಚಾರದಲ್ಲಿ ಫೈಬರ್ ಕೆಲಸದವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಕ್ಸ್‌ಪಿಎಸ್‌ನ ನುಣುಪು ಮೈ ಮೇಲೆ ಹಾಗೆಯೇ ಬಟ್ಟೆ ಹಾಕಿದ ತುಂಡನ್ನು ಕೈಯಲ್ಲೇ ಸುಲಿಯಬಹುದಿತ್ತು. 40ರ ಉಜ್ಜುಕಾಗದದಲ್ಲಿ ಹೊಳಪು ತೆಗೆದಾಗ ಉಳಿ ಹಾಕಿ ಎಬ್ಬಿಸಬೇಕಾಯಿತು. ಉಜ್ಜಿದ ಮೇಲೆ ಫೋಮಿನಲ್ಲಿ ಆರಪಾರ ಸಣ್ಣ ತೂತು ಕೊರೆದು, ರೆಸಿನ್ ಇಳಿದು ಎರಡು ಕಡೆಯ ಬಟ್ಟೆಗೂ ಮೊಳೆ ಹೊಡೆದ ಹಾಗೆ ಮಾಡಿದಾಗ ಫೋಮೇ ಹರಿಯಿತು, ಅಂಟು ಬಿಡಲಿಲ್ಲ. ತೂತಿನ ಅಳತೆ, ಅವುಗಳ ನಡುವಿನ ಅಂತರ ಕಂಡುಹಿಡಿಯಲು ನನಗೆ ಒಂದು ಬೇಸಿಗೆ ಹಿಡಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ನಿರ್ವಾತ ಪಂಪಿನ ಮಾತು. ರೆಸಿನ್ ಹಚ್ಚಿದ ಬಟ್ಟೆ ಫೋಮಿಗೆ ಒತ್ತಿ ಕೂರಲು, ಹಲಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಒಳಗಿನ ಗಾಳಿಯನ್ನು ಈ ಪಂಪಿನಿಂದ ಎಳೆಯುತ್ತಾರೆ. ಹೊಸ ಪಂಪಿಗೆ ಹದಿನೈದು ಸಾವಿರದ ಮೇಲೆ ಹೇಳಿದರು. ನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ಇದ್ದೇ ಇತ್ತು. ಅದು ಎಳೆಯುವುದು ವಾತಾವರಣದ ಒತ್ತಡದ ಅರ್ಧದಷ್ಟು, ಅಂದರೆ ಚದರ ಮೀಟರಿಗೆ ಸುಮಾರು ಐದು ಟನ್ ಭಾರ. ಈ ಫೋಮಿಗೆ ಅದು ಧಾರಾಳ. ಎಳೆತವನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸೇಟರ್ ಕಳಚಿ, ಒಂದು ಹಳೆಯ ಹಾಲಿನ ಕ್ಯಾನನ್ನು ನಡುವೆ ಕೂರಿಸಿದೆ. ಎಳೆದು ಬಂದ ರೆಸಿನ್ ಅದರಲ್ಲೇ ನಿಂತಿತು, ಪಂಪಿಗೆ ಒಂದು ಹನಿಯೂ ಹೋಗಲಿಲ್ಲ. ಚೀಲಕ್ಕೆ ಪಾಲಿಹೌಸಿನ 200 ಮೈಕ್ರಾನ್ ಹಾಳೆ, ಗಾಳಿ ಓಡಾಡಲು ನೆರಳು ಬಲೆ, ಸುಲಿದು ತೆಗೆಯುವ ಪದರಕ್ಕೆ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ. ಎಲ್ಲವೂ ಕೋಲಾರದಲ್ಲೇ ಸಿಕ್ಕಿತು.

ಸಂಜೆ ಹಾಲು ಕರೆದು ಮುಗಿದ ಮೇಲೆಯೇ ಪಂಪು ನನ್ನ ಕೈಗೆ. ಅದರಿಂದ ಲಾಭವೇ ಆಯಿತು. ಬಿಸಿಲೇರುವಾಗ ಬಟ್ಟೆ ಹಾಕಿದರೆ ಉಜ್ಜಿದ ಫೋಮಿನ ಗಾಳಿ ಹಿಗ್ಗಿ ಗುಳ್ಳೆ ಎಬ್ಬಿಸುತ್ತದೆ. ಹೊತ್ತು ಇಳಿದ ಮೇಲೆ ಹಾಕಿದ ಹಲಗೆಗಳಲ್ಲಿ ಗುಳ್ಳೆ ಹುಡುಕಿದರೂ ಕಾಣಲಿಲ್ಲ. ಒಮ್ಮೆ ಮಾತ್ರ ನಡುವೆ ಕರೆಂಟ್ ಹೋಗಿ ಚೀಲ ಸಡಿಲವಾಗಿ, ತಳದ ಒಂದು ತುಂಡು ಕೆಟ್ಟಿತು. ಆಮೇಲೆ ಬಾಡಿಗೆ ಜನರೇಟರ್ ಪಕ್ಕದಲ್ಲೇ ಇಟ್ಟುಕೊಂಡೆ.

ಅಚ್ಚು ಮಾಡಲಿಲ್ಲ. ಟೈಲ್ಸ್ ನೆಲದ ಮೇಲೆ ಚಪ್ಪಟೆ ಹಲಗೆಗಳಿಗೆ ಒಳಮೈಯ ಬಟ್ಟೆ ಮಾತ್ರ ಹಾಕಿ, ಹೊರಗಿನ ಫೋಮಿಗೆ ಗರಗಸದಲ್ಲಿ ಗೀರು ಎಳೆದು ಬಗ್ಗಿಸಿ, ಟೊಮೆಟೊ ಕ್ರೇಟುಗಳ ಸಾಲಿನ ಮೇಲೆ ಜೋಡಿಸಿದೆ. ಹೊರಮೈ ಎರಡು ಪದರವನ್ನು ಕೈಯಿಂದಲೇ ಹಾಕಿದ್ದು. ತಳಕ್ಕೆ 50 ಮಿಲಿಮೀಟರ್ ಫೋಮ್, ಪಕ್ಕಕ್ಕೆ 25.

ಮೂಲೆ ತುಂಬುವ ಎಪಾಕ್ಸಿ ಪುಟ್ಟಿಯಲ್ಲಿ ಒಂದು ಪ್ರಯೋಗ ಮಾಡಿದೆ. ಗಾಜಿನ ಗುಳ್ಳೆಪುಡಿ ದುಬಾರಿ ಎಂದು ಊದಿನಕಡ್ಡಿಯವರು ಬಳಸುವ ತೆಂಗಿನ ಚಿಪ್ಪಿನ ಪುಡಿ ಕಲಸಿದೆ. ಭಾರ ಹೆಚ್ಚು, ಉಜ್ಜಲು ತೋಳು ಬೀಳುತ್ತದೆ. ಆದರೆ ಮೂಲೆಗಳ ಗಟ್ಟಿತನಕ್ಕೆ ಅದೇ ಮೇಲು ಎನಿಸಿ ಒಳಮೂಲೆಗಳಿಗೆ ಉಳಿಸಿಕೊಂಡೆ. ಸಂದಿಗೆ ಡಬ್ಬಿಯ ಪಿಯು (ಪಾಲಿಯುರೆಥೇನ್) ಫೋಮ್ ಊದಿಸಿ ನೋಡಿದೆ. ಕೊಯ್ದ ತುಂಡನ್ನು ತೊಟ್ಟಿಯಲ್ಲಿ ಬಿಟ್ಟಿದ್ದರೆ ನೀರು ಕುಡಿದು ತೂಕ ಏರಿತ್ತು. ಅದನ್ನು ಅಲ್ಲಿಗೇ ಕೈಬಿಟ್ಟೆ. ಬಣ್ಣ ಬಿಳಿಯೇ ಇರಬೇಕು. ಕಡುಬಣ್ಣ ಬಳಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಒಳಗಿನ ಫೋಮ್ ಮೆದುವಾಗುತ್ತದೆ.

ಉದ್ದ ಹದಿನಾಲ್ಕು ಅಡಿ, ಅಗಲ ನಾಲ್ಕು. ತೂಕ ಐವತ್ತೈದು ಕಿಲೋ ಆಸುಪಾಸು. ರೆಸಿನ್ ಇಪ್ಪತ್ತು ಕಿಲೋಗೆ ಹದಿನಾರು ಸಾವಿರ, ಬಟ್ಟೆ ನಾಲ್ಕು, ಫೋಮ್ ಏಳು, ಮಾವಿನ ಹಲಗೆ, ಬಣ್ಣ, ಬಾಡಿಗೆ ಎಲ್ಲ ಸೇರಿ ಎಂಟು. ಕೆಟ್ಟದ್ದೂ ಸೇರಿದರೆ ನಲವತ್ತೆರಡು ಸಾವಿರ ಮುಟ್ಟಿರಬೇಕು.

ನೀರಿಗಿಳಿಸಿದ ದಿನ, ಬೇಡವೆಂದವರ ಮುಂದೆಯೇ ಅಂಚಿನವರೆಗೂ ನೀರು ತುಂಬಿಸಿದೆ. ಲೈಫ್ ಜಾಕೆಟ್ ತೊಟ್ಟ ಇಬ್ಬರು ಒಳಗೆ ಕುಳಿತರು. ಮುಳುಗಲಿಲ್ಲ. ಫೋಮಿನ ಘನ ಅಳತೆಯೇ ಮುನ್ನೂರ ಅರವತ್ತು ಲೀಟರ್ ಇರುವಾಗ ಮುಳುಗುವುದಾದರೂ ಹೇಗೆ?

ಹೋದ ಹಂಗಾಮಿನಲ್ಲಿ ಜಾಲಿ ಮೊಂಡೊಂದು ತಳಕ್ಕೆ ಹೆಬ್ಬೆರಳು ಗಾತ್ರದ ತೂತು ಮಾಡಿತು. ಹುಡುಗರು ಗಮನಿಸದೆ ಮಧ್ಯಾಹ್ನದವರೆಗೂ ಬಲೆ ಎಳೆದಿದ್ದರು. ಕೊರೆದು ನೋಡಿದರೆ ಒದ್ದೆ ತೂತಿನಷ್ಟೇ ಜಾಗದಲ್ಲಿ, ಸುತ್ತ ಫೋಮ್ ಒಣಗಿಯೇ ಇತ್ತು. ಎರಡು ಪದರ ತೇಪೆ ಹಾಕಿ ಮಾರನೆಯ ದಿನವೇ ಇಳಿಸಿದೆವು. ಅದನ್ನು ಕಂಡ ಪಕ್ಕದ ಕೆರೆಯ ಗುತ್ತಿಗೆದಾರರು ತಮಗೂ ಒಂದು ಬೇಕೆಂದಿದ್ದಾರೆ. ಅರವತ್ತು ಸಾವಿರ ಹೇಳಿದ್ದೇನೆ, ಹಾಲಿನ ಪಂಪಿನ ಬಾಡಿಗೆ ಸೇರಿಸಿ.